ಮುಂದೆ ಒಂದೇ ಚೈನ್‌ರಿಂಗ್ ಇದ್ದರೆ ಏರು ಹತ್ತುತ್ತದೆಯೇ?

ಹತ್ತುತ್ತದೆ. ಮೊದಲು ಹೇಗೆ ಹತ್ತುತ್ತಿತ್ತೋ ಹಾಗೆಯೇ ಹತ್ತುತ್ತದೆ; ಲೆಕ್ಕ ಹಿಡಿದು ನೋಡಿದರೆ ಕೂದಲೆಳೆಯಷ್ಟು ಹೆಚ್ಚು ಸುಲಭವಾಗಿಯೇ ಹತ್ತುತ್ತದೆ. ನನ್ನ ಮೌಂಟನ್ ಬೈಕಿನ (ಗುಡ್ಡಗಾಡಿನ ಸೈಕಲ್ಲಿನ) ಮುಂಭಾಗದಲ್ಲಿ ಪೆಡಲಿನ ಜೊತೆ ತಿರುಗುವ ಮೂರು ಹಲ್ಲುಗಾಲಿಗಳನ್ನು, ಅಂದರೆ ಮೂರು ಚೈನ್‌ರಿಂಗ್‌ಗಳನ್ನು ಬಿಚ್ಚಿ ಆ ಜಾಗದಲ್ಲಿ ಒಂದನ್ನೇ ಕೂರಿಸಿದ ಮೇಲೆ ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಓದದೆ ಮತ್ತೆ ಕೇಳುವವರ ಜೊತೆ ಮಾತಿಗೆ ನಿಲ್ಲುವಷ್ಟು ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ಪ್ರಶ್ನೆಗಿಂತಲೂ ಅದನ್ನು ಕೇಳುವ ಧಾಟಿ ನನಗೆ ಹೆಚ್ಚು ಕಿರಿಕಿರಿ ಮಾಡುತ್ತದೆ. "ಮುಂದಿನದು ಕೆಟ್ಟುಹೋಗಿತ್ತಾ?" ಎಂದು ಅನುಕಂಪದಿಂದ ಕೇಳುವವರಿದ್ದಾರೆ. "ಈಗ ಇದೇ ಫ್ಯಾಷನ್ ಅಲ್ಲವೇ?" ಎಂದು ಮುಗುಳ್ನಗುವವರಿದ್ದಾರೆ. ಇವರೆಲ್ಲರಿಗಿಂತ ಮೇಲಿನವರು, ಬಗ್ಗಿ ಕೂತು ಹಿಂದಿನ ಚಕ್ರದ ಸ್ಪ್ರಾಕೆಟ್‌ಗಳನ್ನು (ಚೈನು ಕೂರುವ ಹಲ್ಲುಗಾಲಿಗಳನ್ನು) ಬೆರಳಿಟ್ಟು ಎಣಿಸಿ, ಎದ್ದು ನಿಂತು, ನನ್ನ ಮುಖ ನೋಡುವವರು.

ಅಂಥವರೊಬ್ಬರು ಸಿಕ್ಕಿದ್ದು ಸಡಿಲ ಜಲ್ಲಿ ಹರಡಿಕೊಂಡಿದ್ದ ಒಂದು ಕಡಿದಾದ ಏರಿನ ಮಧ್ಯದಲ್ಲಿ. ನಾನು ನೀರು ಕುಡಿಯಲು ನಿಂತಿದ್ದೆ. ಅವರು ಬೈಕನ್ನು ತಳ್ಳಿಕೊಂಡು ಬರುತ್ತಿದ್ದರು. ಬಂದವರೇ ಬೈಕನ್ನು ಒರಗಿಸಿಟ್ಟು, ನನ್ನ ಕ್ಯಾಸೆಟ್ಟನ್ನು, ಅಂದರೆ ಹಿಂದಿನ ಸ್ಪ್ರಾಕೆಟ್ಟುಗಳ ಗೊಂಚಲನ್ನು, ಒಂದೊಂದಾಗಿ ಎಣಿಸಿ, "ಸಾರ್, ಬರೀ ಹನ್ನೊಂದಾ? ನಂದು ಮೂವತ್ತು" ಎಂದರು. ಆ ಮೂವತ್ತು ಗೇರಿನ ಬೈಕನ್ನು ಏಕೆ ತಳ್ಳಿಕೊಂಡು ಬರುತ್ತಿದ್ದರು ಎಂಬುದು ನೋಡಿದ ಕೂಡಲೇ ತಿಳಿಯಿತು. ಏರಿನಲ್ಲಿ ಜೋರಾಗಿ ತುಳಿಯುತ್ತಲೇ ನಡುವಿನ ರಿಂಗ್‌ನಿಂದ ಚಿಕ್ಕದಕ್ಕೆ ಬದಲಿಸಿದ್ದರಿಂದ ಚೈನು ಚಿಕ್ಕ ರಿಂಗನ್ನೂ ದಾಟಿ ಒಳಗೆ ಬಿದ್ದು, ರಿಂಗ್‌ಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ ಬಣ್ಣ ಕೆರೆದುಕೊಂಡು ಸಿಕ್ಕಿಬಿದ್ದಿತ್ತು. ಇಬ್ಬರೂ ಸೇರಿ ಕ್ರ್ಯಾಂಕನ್ನು (ಪೆಡಲು ಹೊತ್ತ ತೋಳನ್ನು) ಹಿಂದಕ್ಕೆ ತಿರುಗಿಸಿ ಅದನ್ನು ಎಳೆದು ತೆಗೆದೆವು. ಕೈಯ ಗ್ರೀಸನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಾ ಅವರು ಕೇಳಿದ ಮುಂದಿನ ಪ್ರಶ್ನೆ: "ಅಲ್ಲ ಸಾರ್, ಒಂದೇ ರಿಂಗ್ ಇದ್ರೆ ಹತ್ತೋದು ಕಷ್ಟ ಆಗಲ್ವಾ?"

ಗೇರುಗಳ ಸಂಖ್ಯೆಯಿಂದ ಏರುವ ಶಕ್ತಿಯನ್ನು ಅಳೆಯುವುದು, ಏಣಿಯ ಮೆಟ್ಟಿಲುಗಳನ್ನು ಎಣಿಸಿ ಗೋಡೆಯ ಎತ್ತರ ಹೇಳಿದ ಹಾಗೆ. ಅವರ ಬೈಕಿನಲ್ಲಿದ್ದದ್ದೂ ನನ್ನ ಹಳೆಯ ಜೋಡಣೆಯೇ: ಮುಂದೆ 24, 32, 42 ಹಲ್ಲುಗಳ ಮೂರು ರಿಂಗ್, ಹಿಂದೆ 11ರಿಂದ 36 ಹಲ್ಲುಗಳವರೆಗಿನ ಹತ್ತು ಸ್ಪ್ರಾಕೆಟ್. ಮೂರು ಹತ್ತಲಿ ಮೂವತ್ತು ಎಂಬುದು ಮಗ್ಗಿಯ ಪ್ರಕಾರ ಸರಿ, ಕಾಲಿನ ಪ್ರಕಾರ ಸರಿಯಲ್ಲ. ಮುಂದೆ 32 ಹಿಂದೆ 32 ಇಟ್ಟರೂ, ಮುಂದೆ 24 ಹಿಂದೆ 24 ಇಟ್ಟರೂ ಪೆಡಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು ಬರುತ್ತದೆ. 42ಕ್ಕೆ 28 ಎಂದರೆ 1.50, 32ಕ್ಕೆ 21 ಎಂದರೆ 1.52, ಈ ಎರಡರ ವ್ಯತ್ಯಾಸವನ್ನು ಯಾವ ಕಾಲೂ ಗುರುತಿಸಲಾರದು. ಇದರ ಜೊತೆಗೆ, ಚೈನು ವಿಪರೀತ ಓರೆಯಾಗುತ್ತದೆಂಬ ಕಾರಣಕ್ಕೆ ಬಳಸಲೇಬಾರದೆಂದು ಹೇಳುವ ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಎಂಬ ಜೋಡಿಗಳನ್ನೂ ಕಳೆದರೆ ಮೂವತ್ತರ ಗರ್ವ ಅರ್ಧಕ್ಕರ್ಧ ಇಳಿಯುತ್ತದೆ.

ಏರಿಗೆ ಬೇಕಾದದ್ದು ಒಂದೇ ಅಂಕಿ: ಇರುವುದರಲ್ಲಿ ಅತಿ ಹಗುರವಾದ ಗೇರಿನ ಅನುಪಾತ. ಹಳೆಯ ಜೋಡಣೆಯಲ್ಲಿ ಅದು 24 ಭಾಗಿಸು 36, ಅಂದರೆ ಸುಮಾರು 0.67. ಈಗ ನನ್ನ ಬೈಕಿನಲ್ಲಿ ಮುಂದೆ 30 ಹಲ್ಲಿನ ಒಂದೇ ರಿಂಗ್, ಹಿಂದೆ 11ರಿಂದ 46ರವರೆಗಿನ ಕ್ಯಾಸೆಟ್. 30 ಭಾಗಿಸು 46 ಎಂದರೆ 0.65. ಕಡಿಮೆಯಾದಷ್ಟೂ ಹಗುರ. ಇಷ್ಟನ್ನು ಆ ಏರಿನಲ್ಲೇ ಬಾಯಿಲೆಕ್ಕದಲ್ಲಿ ಹೇಳಿದೆ. ಅವರು ತಲೆಯಾಡಿಸಿ, "ಆದ್ರೂ ಹನ್ನೊಂದು ಕಮ್ಮಿನೇ ಸಾರ್" ಎಂದು ಬೈಕ್ ಹತ್ತಿದರು.

ಎಲ್ಲರೂ ಮುಂದಿನ ರಿಂಗನ್ನೇ ನೋಡುತ್ತಾರೆ. ನಿಜವಾದ ಬದಲಾವಣೆ ಆಗಿರುವುದು ಹಿಂದಿನ ಚಕ್ರದಲ್ಲಿ. ಹಿಂದೆ ದೊಡ್ಡ ಸ್ಪ್ರಾಕೆಟ್ ಇಲ್ಲದೆ ಮುಂದಿನ ಎರಡು ರಿಂಗ್ ಕಿತ್ತುಹಾಕಿದರೆ ಅದು ಪರಿವರ್ತನೆಯಲ್ಲ, ಬರಿಯ ನಷ್ಟ. ಕ್ಯಾಸೆಟ್ ದೊಡ್ಡದಾದ ಮೇಲೆ ಚೈನನ್ನು ಒಂದು ಸ್ಪ್ರಾಕೆಟ್ಟಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಕೂಡ ಬದಲಾಗಬೇಕು, ಏಕೆಂದರೆ 36ರವರೆಗಷ್ಟೇ ಎಟುಕುವಂತೆ ಮಾಡಿದ ಡಿರೇಲರಿನ ಮೇಲಿನ ಪುಟ್ಟ ಗಾಲಿ 46ರ ಹಲ್ಲುಗಳಿಗೆ ಉಜ್ಜುತ್ತದೆ, ಮತ್ತು ಅದನ್ನು ದೂರ ಸರಿಸುವ ತಿರುಪನ್ನು ಎಷ್ಟು ಬಿಗಿದರೂ ಅಷ್ಟು ದೂರ ಅದು ಹೋಗುವುದಿಲ್ಲ. ಹತ್ತು ಸ್ಪ್ರಾಕೆಟ್ಟಿನಿಂದ ಹನ್ನೊಂದಕ್ಕೆ ಹೋದರೆ ಶಿಫ್ಟರ್ (ಕೈಯಿಂದ ಗೇರು ಬದಲಿಸುವ ಸನ್ನೆ), ಚೈನು ಎರಡೂ ಹೊಸವು. ಒಂದು ಸಮಾಧಾನವೆಂದರೆ, ಶಿಮಾನೊದ ಹನ್ನೊಂದು ಸ್ಪೀಡಿನ (ಹನ್ನೊಂದು ಸ್ಪ್ರಾಕೆಟ್ಟಿನ) ಮೌಂಟನ್ ಕ್ಯಾಸೆಟ್ ಚಕ್ರದ ನಡುವಿನ ಹಳೆಯ ಹಬ್ಬಿನ ಮೇಲೆಯೇ ಕೂರುತ್ತದೆ. ಅದೇ ಕಂಪನಿಯ 10ರಿಂದ 51ರ ಹನ್ನೆರಡು ಸ್ಪೀಡಿನದಕ್ಕೆ ಹೋದರೆ ಹಬ್ಬಿನಲ್ಲಿ ಕ್ಯಾಸೆಟ್ಟು ಕೂರುವ ಫ್ರೀಹಬ್ ಎಂಬ ಭಾಗವನ್ನೇ ಬದಲಿಸಬೇಕಾಗುತ್ತದೆ.

ಹಾಗೆಂದು ಮುಂದಿನ ರಿಂಗ್ ಸಾಮಾನ್ಯ ವಸ್ತುವಲ್ಲ. ಚೈನಿನ ಕೊಂಡಿಗಳನ್ನು ಹತ್ತಿರದಿಂದ ನೋಡಿ: ಒಂದು ಕೊಂಡಿಯ ಒಳಗಿನ ಜಾಗ ಕಿರಿದು, ಅದರ ಪಕ್ಕದ್ದು ಅಗಲ, ಮತ್ತೆ ಕಿರಿದು, ಮತ್ತೆ ಅಗಲ. ನ್ಯಾರೋ-ವೈಡ್ ಎಂದು ಕರೆಯುವ ಈ ರಿಂಗ್‌ನ ಹಲ್ಲುಗಳನ್ನು ಅದೇ ಕ್ರಮದಲ್ಲಿ ಒಂದು ತೆಳು, ಒಂದು ದಪ್ಪ ಎಂದು ಕಡೆದಿರುತ್ತಾರೆ. ಆದ್ದರಿಂದಲೇ ಅದರ ಹಲ್ಲುಗಳ ಒಟ್ಟು ಸಂಖ್ಯೆ ಸಮಸಂಖ್ಯೆಯಾಗಿರುತ್ತದೆ. ಚೈನನ್ನು ಒಂದು ಹಲ್ಲು ಆಚೀಚೆ ಹಾಕಿದರೆ ದಪ್ಪ ಹಲ್ಲು ಕಿರಿದಾದ ಕೊಂಡಿಯೊಳಗೆ ಇಳಿಯದೆ ಚೈನು ಮೇಲೆಯೇ ನಿಲ್ಲುತ್ತದೆ; ಸರಿಯಾಗಿ ಹಾಕಿದರೆ ಕೈಯಿಂದ ಅಲುಗಾಡಿಸಿದರೂ ಅತ್ತಿತ್ತ ಸರಿಯುವುದಿಲ್ಲ. ಇದರ ಜೊತೆಗೆ ಹಿಂದಿನ ಡಿರೇಲರಿನೊಳಗಿನ ಕ್ಲಚ್ಚು ಚೈನನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹೀಗಾಗಿ ಕಲ್ಲುಗಳ ಮೇಲೆ ಕುಕ್ಕುತ್ತಾ ಇಳಿಯುವಾಗ ಚೈನು ಫ್ರೇಮಿಗೆ ಬಡಿಯುವ ಸದ್ದು ಬಹಳ ಕಡಿಮೆಯಾಗುತ್ತದೆ, ಬೀಳುವುದಂತೂ ಅಪರೂಪ. ಮುಂದಿನ ಡಿರೇಲರ್ ತೆಗೆದ ಮೇಲೆ ಚೈನನ್ನು ಕಾಯುವವರು ಯಾರು ಎಂದು ಕೇಳುವವರಿಗೆ ಉತ್ತರ ಇದು.

ಫ್ಯಾಷನ್ ಎನ್ನುವವರಿಗೂ ಒಂದು ಮಾತು. ಇದು ಹೊಸ ಹುಚ್ಚೇನೂ ಅಲ್ಲ. ಸ್ರ್ಯಾಮ್ ಕಂಪನಿಯು ಮುಂದೆ ಒಂದೇ ರಿಂಗ್ ಇಟ್ಟು ಹಿಂದೆ 10ರಿಂದ 42ರವರೆಗೆ ಹನ್ನೊಂದು ಸ್ಪ್ರಾಕೆಟ್ ಕೊಟ್ಟ ಎಕ್ಸ್ಎಕ್ಸ್1 ಜೋಡಣೆಯನ್ನು ಹೊರತಂದದ್ದು 2012ರಲ್ಲಿ. 2016ರಲ್ಲಿ ಅದೇ ಕಂಪನಿಯ ಈಗಲ್ 50 ಹಲ್ಲಿಗೆ ಹೋಯಿತು; 2018ರಲ್ಲಿ ಶಿಮಾನೊದ ಎಕ್ಸ್‌ಟಿಆರ್ 51ಕ್ಕೆ ಹೋಯಿತು. ಫ್ಯಾಷನ್ನಿಗೆ ಮರುಳಾಗುವ ಉದ್ದೇಶವೇ ಇದ್ದಿದ್ದರೆ ನಾನು ಇಷ್ಟು ತಡಮಾಡುತ್ತಿರಲಿಲ್ಲ, ಹಳೆಯ ಬೈಕಿನ ಮೇಲೆ ಅಂತೂ ಮಾಡುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಎಡಗೈಗೆ ಒಂದು ಚಿಂತೆ ಕಡಿಮೆಯಾಗುವುದು. ತಿರುವಿನಾಚೆ ಏರಿದೆಯೋ ಇಳಿಜಾರಿದೆಯೋ ಗೊತ್ತಿಲ್ಲದ ದಾರಿಯಲ್ಲಿ, ಮುಂದಿನದನ್ನು ಇಳಿಸಿ, ಅದನ್ನು ಸರಿದೂಗಿಸಲು ಹಿಂದಿನದನ್ನು ಎರಡು ಮೆಟ್ಟಿಲು ಏರಿಸಿ, ಅಷ್ಟರಲ್ಲಿ ವೇಗ ಸತ್ತು ಕಾಲೂರುವ ಕಸರತ್ತು ನನಗೆ ಸಾಕಾಗಿತ್ತು. ಈಗ ಎಡಗೈಗೆ ಬ್ರೇಕ್ ಒಂದೇ ಕೆಲಸ.

ಇಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ, ನಾನು ಸಂತೋಷದಿಂದ ಉತ್ತರಿಸಬಹುದಾಗಿದ್ದ ಪ್ರಶ್ನೆ, "ಕಳೆದುಕೊಂಡದ್ದೇನು?" ಎಂಬುದು. ಕಳೆದುಕೊಂಡದ್ದು ಏರಿನಲ್ಲಲ್ಲ, ಸಮತಟ್ಟಿನಲ್ಲಿ. ಮುಂಚೆ 42ಕ್ಕೆ 11 ಹಾಕಿ ನಿಮಿಷಕ್ಕೆ 90 ಸುತ್ತು ತುಳಿದರೆ 29 ಇಂಚಿನ ಚಕ್ರ ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗ ಕೊಡುತ್ತಿತ್ತು. ಈಗ 30ಕ್ಕೆ 11ರಲ್ಲಿ ಅದೇ ತುಳಿತಕ್ಕೆ ಸಿಗುವುದು 34 ಮಾತ್ರ. ಡಾಂಬರು ರಸ್ತೆಯ ಇಳಿಜಾರಿನಲ್ಲಿ ಜೊತೆಗಾರರು ತುಳಿಯುತ್ತಾ ಮುಂದೆ ಹೋಗುವಾಗ ನನ್ನ ಕಾಲುಗಳು ಗಾಳಿಯಲ್ಲಿ ತಿರುಗುತ್ತಿರುತ್ತವೆ. ಕಾಡುದಾರಿಯಲ್ಲಿ ಆ ವೇಗದಲ್ಲಿ ತುಳಿಯುವ ಧೈರ್ಯ ನನಗಿಲ್ಲದ ಕಾರಣ ಅಲ್ಲಿ ಇದು ನಷ್ಟವೆಂದು ಅನಿಸಿಲ್ಲ. ವಾರದ ಬಹುಪಾಲು ರಸ್ತೆಯ ಮೇಲೆಯೇ ಓಡಿಸುವವರಿಗೆ ಮಾತ್ರ ಇದು ದಿನನಿತ್ಯದ ಸಂಕಟವಾಗುತ್ತದೆ.

ಎರಡನೆಯದು ಮೆಟ್ಟಿಲುಗಳ ಅಂತರ. ನನ್ನ ಕ್ಯಾಸೆಟ್ಟಿನಲ್ಲಿ 37ರಿಂದ ಒಮ್ಮೆಲೇ 46ಕ್ಕೆ ಜಿಗಿತವಿದೆ. ಏರಿನಲ್ಲಿ ಒಂದು ಲಯ ಹಿಡಿದು ಹೋಗುತ್ತಿರುವಾಗ 37 ತುಸು ಭಾರವೆನಿಸಿ 46ಕ್ಕೆ ಬಂದರೆ ಕಾಲುಗಳು ಇದ್ದಕ್ಕಿದ್ದಂತೆ ಬಡಬಡನೆ ತಿರುಗತೊಡಗುತ್ತವೆ. ನಡುವಿನದೊಂದು ಇದ್ದಿದ್ದರೆ ಎಂದು ಅನಿಸದೆ ಇರುವುದಿಲ್ಲ. 46ರಲ್ಲಿ ಚೈನು ಸಾಕಷ್ಟು ಓರೆಯಾಗಿರುವುದರಿಂದ ನಿಂತಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಅದು ಚಿಕ್ಕ ಸ್ಪ್ರಾಕೆಟ್ಟಿಗೆ ಜಾರುವುದೂ ಉಂಟು. ತೂಕ ಇಳಿಯುತ್ತದೆ ಎಂದು ಹೇಳುವವರನ್ನು ಪೂರ್ತಿ ನಂಬಬೇಡಿ; ಎರಡು ರಿಂಗ್, ಡಿರೇಲರ್, ಶಿಫ್ಟರ್, ಕೇಬಲ್ ಎಲ್ಲ ಸೇರಿ ಉಳಿಸಿದ್ದರಲ್ಲಿ ಒಂದು ಪಾಲನ್ನು ದೊಡ್ಡ ಕ್ಯಾಸೆಟ್ಟು ಮತ್ತೆ ವಸೂಲು ಮಾಡುತ್ತದೆ.

ಇಷ್ಟೆಲ್ಲ ಓದಿಯೂ ನಿಮ್ಮ ಬೈಕಿಗೆ ಮಾಡಿಸಬೇಕೆನಿಸಿದರೆ ಬೇರೆ ಯಾರನ್ನೂ ಕೇಳದೆ ಒಂದು ಭಾಗಾಕಾರ ಮಾಡಿ. ಮುಂದಿನ ಅತಿ ಚಿಕ್ಕ ರಿಂಗ್‌ನ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್ಟಿನ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಹೊಸ ಕ್ಯಾಸೆಟ್ಟಿನ ಅತಿ ದೊಡ್ಡ ಸ್ಪ್ರಾಕೆಟ್ಟಿನ ಹಲ್ಲುಗಳಿಂದ ಗುಣಿಸಿದರೆ ಹೊಸ ರಿಂಗ್ ಎಷ್ಟು ಹಲ್ಲಿನದಿರಬೇಕೆಂಬುದು ಸಿಗುತ್ತದೆ. ನನ್ನ ಲೆಕ್ಕದಲ್ಲಿ 46ಕ್ಕೆ 30ರ ಮೇಲೆ ಸ್ವಲ್ಪ ಬಂತು, 30 ಹಾಕಿದೆ. ಹಿಂದೆ 42 ಸಾಕೆಂದಿದ್ದರೆ 28 ಬೇಕಾಗುತ್ತಿತ್ತು, ಆದರೆ ಹಳೆಯ ಕ್ರ್ಯಾಂಕಿನ ನಾಲ್ಕು ಬೋಲ್ಟುಗಳು 104 ಮಿಲಿಮೀಟರ್ ವೃತ್ತದ ಮೇಲಿರುವುದರಿಂದ ಅಷ್ಟು ಚಿಕ್ಕ ರಿಂಗ್ ಅದರ ಮೇಲೆ ಕೂರುವುದಿಲ್ಲ. 32 ಆರಾಮವಾಗಿ ಕೂರುತ್ತದೆ. 30ಕ್ಕೆ ರಿಂಗ್‌ನಲ್ಲಿಯೇ ಬೋಲ್ಟು ತಿರುಗಿಸಿ ಕೂರಿಸುವ ಎಳೆ ಕೊರೆದು, ಚೈನು ಕ್ರ್ಯಾಂಕಿನ ತೋಳುಗಳಿಗೆ ತಾಗದಂತೆ ತುಸು ಸರಿಸಿ ಮಾಡಿದ ವಿಶೇಷ ರಿಂಗ್ ತರಿಸಬೇಕು. 32 ಅಥವಾ ಹೆಚ್ಚು ಬಂದರೆ, ಮೂರು ರಿಂಗ್‌ಗೆ ಹಾಕಿದ್ದ ಉದ್ದನೆಯ ಬೋಲ್ಟುಗಳು ಒಂದೇ ರಿಂಗನ್ನು ಬಿಗಿಹಿಡಿಯಲಾರವಾದ್ದರಿಂದ ಗಿಡ್ಡ ಬೋಲ್ಟುಗಳನ್ನೂ ಜೊತೆಗೇ ತರಿಸಿಕೊಳ್ಳಿ. 30ಕ್ಕಿಂತ ಕಡಿಮೆ ಬಂದರೆ ಒಂದೋ ಇನ್ನೂ ದೊಡ್ಡ ಕ್ಯಾಸೆಟ್ಟು, ಇಲ್ಲವೇ ಬೇರೆ ಕ್ರ್ಯಾಂಕು. ಅವೆರಡೂ ಬೇಡವೆಂದಾದರೆ ಮೂರು ರಿಂಗ್‌ಗಳು ಹಾಗೆಯೇ ಇರಲಿ. ಮುಂದಿನ ಡಿರೇಲರಿನ ಒಳಮಿತಿಯ ತಿರುಪನ್ನು ಸರಿಯಾಗಿ ಕೂರಿಸಿ, ಗೇರು ಬದಲಿಸುವ ಆ ಅರ್ಧ ಸುತ್ತಿನಲ್ಲಿ ಪೆಡಲಿನ ಮೇಲಿನ ಭಾರ ಇಳಿಸಿದರೆ ಅವೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.