ಕೊಟ್ಟಿಗೆ ಡಿಬಿ ಕಲಿಸಿದ ಪಾಠ

ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ, ಪುನರ್ವಸು ಮಳೆ ಧೋ ಅಂತ ಹೊಯ್ತಿತ್ತು, ಯಜಮಾನ್ರು ಫೋನ್ ಮಾಡಿ "ಗೀಸರ್ ಹಾಕಿದ್ರೆ ಇಡೀ ಮನೆ ಕರೆಂಟ್ ಹೋಗ್ತದೆ ಮಾರಾಯ, ಬೇಸಿಗೇಲಿ ನೀನು ಹಾಕಿದ ಆರ್‌ಸಿಸಿಬಿನೇ ಸರಿ ಇಲ್ಲ" ಅಂದ್ರು. ಆರ್‌ಸಿಸಿಬಿ ಅಂದ್ರೆ ಕರೆಂಟ್ ಎಲ್ಲಾದ್ರೂ ಲೀಕ್ ಆದ್ರೆ ತಾನೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್ಚು.

ಹೋಗಿ ಗೀಸರ್ ಬಿಚ್ಚಿ ನೋಡ್ದೆ, ಸರಿ ಇತ್ತು. ಇಸ್ತ್ರಿ ಪೆಟ್ಟಿಗೆ ಹಾಕಿದ್ರೂ ಟ್ರಿಪ್. ಕೊಟ್ಟಿಗೆ ಲೈನಿನ ಎಂಸಿಬಿ, ಅಂದ್ರೆ ಲೋಡ್ ಜಾಸ್ತಿ ಆದ್ರೆ ಬೀಳೋ ಸ್ವಿಚ್ಚು, ಅದನ್ನ ಇಳಿಸಿದೆ, ಆಗ್ಲೂ ಟ್ರಿಪ್ಪೇ, ಹಾಗಾದ್ರೆ ಕೊಟ್ಟಿಗೇದು ಏನೂ ಇಲ್ಲ ಅಂದ್ಕೊಂಡು ಮಧ್ಯಾಹ್ನದವರೆಗೂ ಮನೆ ಒಳಗೇ ಹುಡುಕಿದೆ. ಎಡವಿದ್ದು ಇಲ್ಲೇ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಟ್ ಮಾಡತ್ತೆ, ಕರೆಂಟ್ ವಾಪಸ್ ಬರೋ ವೈರು, ನ್ಯೂಟ್ರಲ್, ಕೊಟ್ಟಿಗೆವರೆಗೂ ಹಾಗೇ ಇರತ್ತೆ. ಊಟ ಆದ್ಮೇಲೆ ಮೈನ್ ಆಫ್ ಮಾಡಿ ಆ ಲೈನಿನ ನ್ಯೂಟ್ರಲ್ ಬಿಚ್ಚಿಟ್ಟೆ ನೋಡಿ, ಗೀಸರ್ ಆರಾಮಾಗಿ ಓಡ್ತು.

ಕೊಟ್ಟಿಗೇಲಿರೋದು ನಾನೇ ಹಿಂದೆ ಹಾಕಿದ 4 ವೇ ಡಿಬಿ, ಅಂದ್ರೆ ನಾಲ್ಕು ಎಂಸಿಬಿ ಕೂರೋ ಬಾಕ್ಸು. ಲೈಟು, ಒಂದು ಮೋಟ್ರು, ಅಷ್ಟಕ್ಕೆ ಸಾಕು ಅಂತ ಹಾಕಿದ್ದು. ಆಮೇಲೆ ಹುಲ್ಲು ಕತ್ತರಿಸೋ ಮಷೀನ್ ಬಂತು, ಅರ್ಥ್ ಸ್ಟ್ರಿಪ್ಪಲ್ಲಿ ಸ್ಕ್ರೂ ಖಾಲಿ ಇಲ್ಲ ಅಂತ ಅದ್ರ ಅರ್ಥ್ ವೈರನ್ನ ನ್ಯೂಟ್ರಲ್ ಸ್ಟ್ರಿಪ್ಪಿಗೆ ಸಿಕ್ಸಿದ್ದೆ. ಆಗ ಆರ್‌ಸಿಸಿಬಿ ಇರ್ಲಿಲ್ಲ, ಗೊತ್ತೇ ಆಗ್ಲಿಲ್ಲ. ಈಗ ಮಳೇಲಿ ನೆಲ ನೆನೆದು, ಮನೆ ನ್ಯೂಟ್ರಲ್ಲಿನ ಕರೆಂಟ್ ಸ್ವಲ್ಪ ಮಷೀನಿನ ಕಬ್ಬಿಣದ ಕಾಲಿಂದ ಭೂಮಿಗೆ ಇಳೀತಿತ್ತು, ಹೋದಷ್ಟು ಕರೆಂಟ್ ವಾಪಸ್ ಬರ್ಲಿಲ್ಲ ಅಂದ್ರೆ ಆರ್‌ಸಿಸಿಬಿ ಬೀಳ್ಲೇಬೇಕು. ಅದು ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ನನಗೆ ಎದೆ ಝಲ್ ಅಂದಿದ್ದು ಬೇರೆ ವಿಷಯಕ್ಕೆ, ಆ ಡಿಬಿಗೆ ಬರೋ ನ್ಯೂಟ್ರಲ್ ಎಲ್ಲಾದ್ರೂ ಕಿತ್ತೋಗಿದ್ರೆ ಒಂದು ಲೈಟ್ ಆನ್ ಇದ್ರೂ ಸಾಕು, ಮಷೀನ್ ಮೈಯೆಲ್ಲಾ ಕರೆಂಟ್. ಪಕ್ಕದಲ್ಲೇ ಒದ್ದೆ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತ ಹಸುಗಳು, ನಮಗೆ ಜುಮ್ ಅನ್ನೋದು ಅವಕ್ಕೆ ಪ್ರಾಣಕ್ಕೇ ಬರತ್ತೆ.

ಮಾರನೇ ದಿನ 8 ವೇ ಡಿಬಿ ತಂದೆ, ತಗಡಿಂದಲ್ಲ, ಮಲೆನಾಡಿನ ತೇವಕ್ಕೆ ಅದು ತುಕ್ಕು ಹಿಡಿಯತ್ತೆ, ಧೂಳು, ನೀರು ಒಳಗೆ ಹೋಗದ ಐಪಿ 65 ಪ್ಲಾಸ್ಟಿಕ್ ಬಾಕ್ಸು, ಕೇಬಲ್ ಎಲ್ಲಾ ಕೆಳಗಿಂದ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯೋ ಬಿರಡೆ) ಹಾಕಿ ಒಳಗೆ ತಗೊಂಡೆ, ಮೇಲಿಂದ ತಗೊಂಡ್ರೆ ನೀರು ಕೇಬಲ್ ಹಿಡ್ಕೊಂಡು ಒಳಗೇ ಇಳಿಯತ್ತೆ. ನ್ಯೂಟ್ರಲ್ಲಿಗೊಂದು, ಅರ್ಥಿಗೊಂದು ಸ್ಟ್ರಿಪ್, ಎರಡನ್ನೂ ಕೊಟ್ಟಿಗೇದರ ಥರದ ಸಬ್ ಡಿಬಿಯಲ್ಲಿ ಎಲ್ಲೂ ಸೇರಿಸೋ ಹಾಗಿಲ್ಲ. ಮೈನ್ ಡಿಬಿಯಲ್ಲಿ ಆರ್‌ಸಿಸಿಬಿಗಿಂತ ಮೊದ್ಲೇ ಡಬಲ್ ಪೋಲ್ ಎಂಸಿಬಿ ಹಾಕಿ ಕೊಟ್ಟಿಗೆಗೆ ಬೇರೆ ಲೈನ್ ತೆಗ್ದು, 30 ಮಿಲಿಆಂಪ್ ಆರ್‌ಸಿಸಿಬಿ ಕೊಟ್ಟಿಗೆ ಡಿಬಿಗೇ ಕೊಟ್ಟೆ, ಅಲ್ಲಿ ಬಿದ್ರೆ ಮನೆ ಕತ್ತಲಾಗಲ್ಲ.

ವೈರೂ ಬದಲಾಯಿಸ್ದೆ. ಕೊಟ್ಟಿಗೆ 60 ಮೀಟರ್ ದೂರ, 2.5 ಸ್ಕ್ವೇರ್ ಎಂಎಂ ತಾಮ್ರದಲ್ಲಿ 15 ಆಂಪ್ ಎಳೆದ್ರೆ ಹೋಗಿ ಬರೋದ್ರಲ್ಲಿ ಸುಮಾರು 13 ವೋಲ್ಟ್ ಬೀಳತ್ತೆ, 6 ಸ್ಕ್ವೇರ್ ಎಂಎಂನಲ್ಲಿ ಐದೂವರೆ ವೋಲ್ಟ್ ಅಷ್ಟೇ, ಅದಕ್ಕೇ 6ರದ್ದು. ಮೇಲೆ ಉಕ್ಕಿನ ಕವಚ ಇರೋ ಆರ್ಮರ್ಡ್ ಕೇಬಲ್ಲೇ ಹಾಕಿದ್ದು.

ಯಜಮಾನ್ರಿಗೆ ನ್ಯೂಟ್ರಲ್ಲಿಗೆ ಸಿಕ್ಸಿದ್ದ ಆ ಅರ್ಥ್ ವೈರ್ ತೋರ್ಸಿ, ಇದು ನನ್ನದೇ ತಪ್ಪು ಅಂತ ಹೇಳಿ ಕೂಲಿ ತಗೊಳ್ಳಿಲ್ಲ. ಈಗ ನಾನು 4 ವೇ ಡಿಬಿ ಹಾಕಿದ ಮನೆಗಳನ್ನೆಲ್ಲ ಹಳೇ ಡೈರಿ ನೋಡ್ಕೊಂಡು ಒಂದೊಂದೇ ಬಿಚ್ಚಿ ನೋಡ್ತಿದೀನಿ, ಹೊಸನಗರ ದಾರೀಲಿ ಇನ್ನೂ ಎರಡು ಬಾಕಿ ಇದೆ.