ಮೊಟ್ಟೆ ಲೆಕ್ಕ ಆಮೇಲೆ, ಮೊದಲು ಕೋಳಿಯ ಸ್ವಭಾವ ನೋಡಿ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಅಂತ ಹೊರಟವರು ಕೇಳುವ ಮೊದಲ ಪ್ರಶ್ನೆ, ಯಾವ ತಳಿ ಜಾಸ್ತಿ ಮೊಟ್ಟೆ ಇಡುತ್ತದೆ ಅನ್ನೋದು. ನಾನೂ ಅದನ್ನೇ ಕೇಳಿದ್ದೆ. ಲೆಗ್‌ಹಾರ್ನ್ ಅಂದರು, ಮೂರು ಹೇಂಟೆ ತಂದೆ. ಮೊಟ್ಟೆ ವಿಷಯದಲ್ಲಿ ಅವು ಮೋಸ ಮಾಡಲಿಲ್ಲ. ವರ್ಷಕ್ಕೆ 280ರ ಆಸುಪಾಸು ಬಿಳಿ ಮೊಟ್ಟೆ ಇಡುವ ತಳಿ ಅದು, ಮೈ ಹಗುರ, ತಿನ್ನುವುದೂ ಕಡಿಮೆ. ಆದರೆ ನಾನು ಗೂಡಿನ ಬಾಗಿಲು ತೆಗೆದರೆ ಸಾಕು, ಮೂರೂ ಮೂಲೆಗೆ ನುಗ್ಗಿ ರೆಕ್ಕೆ ಬಡಿಯುತ್ತಿದ್ದವು. ಆಳೆತ್ತರದ ಬೇಲಿಯನ್ನು ಸಲೀಸಾಗಿ ಹಾರುತ್ತಿದ್ದವು.

ಒಂದು ದಿನ ಅದರಲ್ಲೊಂದು ಕುಂಟುತ್ತಿತ್ತು. ಹಿಡಿಯಲು ಹೋದರೆ ಹಿತ್ತಲು ತುಂಬಾ ಓಡಾಡಿಸಿತು. ಕೊನೆಗೆ ಕತ್ತಲಾಗುವ ತನಕ ಕಾದು, ಅದು ಕೋಲಿನ ಮೇಲೆ ತೂಕಡಿಸುತ್ತಾ ಕೂತಾಗ ಮೆಲ್ಲಗೆ ಎತ್ತಿಕೊಂಡೆ. ಎದೆ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಪಾಪ, ಅಷ್ಟು ಹೆದರಿತ್ತು. ಪಾದದಡಿ ಕಪ್ಪಗೆ ಗಂಟು ಕಟ್ಟಿ ಊದಿತ್ತು, ಎಷ್ಟು ದಿನದಿಂದ ಹಾಗಿತ್ತೋ.

ಅದಕ್ಕೇ ಹೇಳುತ್ತೇನೆ, ಮೊದಲ ಸಲ ತರುವಾಗ ಕೈಗೆ ಸಿಗುವಂಥ ಕೋಳಿ ತನ್ನಿ. ಕೋಳಿ ಕಾಯಿಲೆಯನ್ನು ಕೊನೇ ತನಕ ಮುಚ್ಚಿಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆ ಎತ್ತಿಕೊಂಡು ರೆಕ್ಕೆಯ ಅಡಿ, ಬಾಲದ ಕೆಳಗೆ ಪುಕ್ಕ ಬಿಡಿಸಿ ಹೇನು ಇದೆಯಾ ನೋಡಬೇಕು, ಎದೆಮೂಳೆ ಚೂಪಾಗಿ ಕೈಗೆ ತಾಗುತ್ತಿದೆಯಾ ಅಂತ ಸವರಬೇಕು, ಪಾದ ಮಗುಚಿ ನೋಡಬೇಕು. ಕೈಗೇ ಸಿಗದ ಕೋಳಿಗೆ ಇದನ್ನೆಲ್ಲ ಮಾಡುವುದು ಹೇಗೆ?

ನನಗೆ ತುಂಬಾ ಇಷ್ಟವಾದದ್ದು ಆಸ್ಟ್ರಲಾರ್ಪ್. ಕಪ್ಪು ಕೋಳಿ, ಬಿಸಿಲು ಬಿದ್ದರೆ ಪುಕ್ಕ ಹಸಿರು ಹೊಳೆಯುತ್ತದೆ. ಸಾಧು, ಆದರೂ ಮೊಟ್ಟೆಗೆ ಕೊರತೆ ಇಲ್ಲ. 1922-23ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ತಳಿಯ ಆರು ಹೇಂಟೆಗಳು ಸೇರಿ 365 ದಿನದಲ್ಲಿ 1,857 ಮೊಟ್ಟೆ ಇಟ್ಟಿದ್ದವು, ಅಂದರೆ ಒಂದೊಂದಕ್ಕೆ 300ಕ್ಕಿಂತ ಜಾಸ್ತಿ. ಹಿತ್ತಲಲ್ಲಿ ಅಷ್ಟು ಎಣಿಸಬೇಡಿ, ವರ್ಷಕ್ಕೆ 250 ಬಂದರೆ ಚೆನ್ನಾಗಿಯೇ ಇಡುತ್ತಿದೆ ಅಂತ ಅರ್ಥ. ಪ್ಲಿಮತ್ ರಾಕ್, ಸಸೆಕ್ಸ್ ತಳಿಗಳೂ ಇದೇ ಥರ ಸಮಾಧಾನದ ಕೋಳಿಗಳು. ರೋಡ್ ಐಲೆಂಡ್ ರೆಡ್ ಗಟ್ಟಿ, ಸುಲಭಕ್ಕೆ ಕಾಯಿಲೆ ಬೀಳುವುದಿಲ್ಲ, ಆದರೆ ಸ್ವಲ್ಪ ದಬ್ಬಾಳಿಕೆ ಮಾಡುತ್ತದೆ. ಮೆದು ಸ್ವಭಾವದ ಕೋಳಿಗಳ ಜೊತೆ ಇದನ್ನು ಬಿಟ್ಟರೆ ಮೇವಿನ ಹತ್ತಿರ ಕುಟ್ಟಿ ಕುಟ್ಟಿ ಓಡಿಸುತ್ತದೆ.

ಸ್ವಭಾವ ಆದ ಮೇಲೆ ಹವೆ. ಇದನ್ನು ಕೋಳಿಯ ತಲೆ ನೋಡಿಯೇ ಅಂದಾಜು ಮಾಡಬಹುದು. ಕೋಳಿ ಬೆವರುವುದಿಲ್ಲ. ಮೈಯ ಬಿಸಿಯನ್ನು ಏದುಸಿರಿನಿಂದ, ಕೆಂಪು ಜುಟ್ಟಿನಿಂದ, ಗಲ್ಲದ ಕೆಳಗೆ ಜೋಲುವ ಚರ್ಮದಿಂದ ಹೊರಗೆ ಹಾಕುತ್ತದೆ. ಹಾಗಾಗಿ ಲೆಗ್‌ಹಾರ್ನ್ ಥರ ದೊಡ್ಡ ಜುಟ್ಟಿನ, ಸಣ್ಣ ಮೈಯ ಕೋಳಿ ಸೆಕೆ ತಡೆಯುತ್ತದೆ. ಅದೇ ಜುಟ್ಟು ಹಿಮ ಬೀಳುವ ಕಡೆ ಚಳಿಗೆ ಮರಗಟ್ಟಿ ತುದಿ ಕಪ್ಪಾಗುತ್ತದೆ, ಅಲ್ಲಿಗೆ ತಲೆಗೆ ಅಂಟಿಕೊಂಡಂಥ ಚಪ್ಪಟೆ ಜುಟ್ಟಿನ ವಯಂಡಾಟ್ ಒಳ್ಳೆಯದು. ಆರ್ಪಿಂಗ್ಟನ್ ಹೆಸರು ಎಲ್ಲರೂ ಹೇಳುತ್ತಾರೆ, ಮಕ್ಕಳು ಎತ್ತಿಕೊಂಡರೂ ಸುಮ್ನೆ ಕೂರುವ ಕೋಳಿ, ನಿಜ. ಆದರೆ ಅಷ್ಟು ದಪ್ಪ ಪುಕ್ಕ ಹೊತ್ತುಕೊಂಡು ಕಡು ಬೇಸಿಗೆಯಲ್ಲಿ ಬಾಯಿ ತೆರೆದು, ರೆಕ್ಕೆ ಜೋಲು ಬಿಟ್ಟು ಏದುಸಿರು ಬಿಡುವುದನ್ನು ನೋಡೋಕೆ ಆಗಲ್ಲ. ಸೆಕೆಯ ಜಾಗದವರು ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲದ ಬೋಳುಕುತ್ತಿಗೆ ಕೋಳಿಯನ್ನು ಒಮ್ಮೆ ಯೋಚಿಸಿ. ನೋಡೋಕೆ ವಿಚಿತ್ರ, ಆದರೆ ಬಿಸಿಲಿಗೆ ಅಂಜುವುದಿಲ್ಲ.

ಸಿಲ್ಕಿ ಬೇಕು ಅನ್ನುವವರು ಬಹಳ. ಹತ್ತಿಯ ಉಂಡೆ ಹಾಗಿರುತ್ತದೆ, ಆಸೆ ಆಗುವುದು ಸಹಜ ಅಲ್ವಾ. ಆದರೆ ಅದರ ಪುಕ್ಕಕ್ಕೆ ನೀರು ಜಾರುವುದಿಲ್ಲ, ಮಳೆಗೆ ಸಿಕ್ಕರೆ ಮೈಯೆಲ್ಲ ತೊಯ್ದು ನಡುಗುತ್ತದೆ. ಮೊಟ್ಟೆ ಸಣ್ಣದು, ಎಣಿಕೆಯೂ ಕಡಿಮೆ. ಮಾತೆತ್ತಿದರೆ ಕಾವಿಗೆ ಕೂರುತ್ತದೆ. ಕಾವಿಗೆ ಕೂತ ಕೋಳಿ ಮೈ ಉಬ್ಬಿಸಿಕೊಂಡು, ಕೈ ಹತ್ತಿರ ತಂದರೆ ಗುರ್ ಅಂದು, ಹೊಟ್ಟೆಯ ಕೆಳಗಿನ ಪುಕ್ಕ ಕಿತ್ತು ಗೂಡಿಗೆ ಹಾಸಿಕೊಂಡು ಕೂತುಬಿಡುತ್ತದೆ, ಅಷ್ಟೂ ದಿನ ಮೊಟ್ಟೆ ಬಂದ್. ಮರಿ ಬೇಕಿದ್ದರೆ ಮಾತ್ರ ಇದು ವರ. 21 ದಿನ ಹೆಚ್ಚುಕಡಿಮೆ ಅಲ್ಲಾಡದೆ ಕೂತು ಮರಿ ಮಾಡುತ್ತದೆ.

ಮಾಂಸಕ್ಕೆಂದು ಬೆಳೆಸಿದ ಬ್ರಾಯ್ಲರ್ ಮರಿಯನ್ನು ಮುದ್ದಾಗಿದೆ ಅಂತ ಸಾಕಲು ತರಬೇಡಿ. ಆರೇಳು ವಾರಕ್ಕೆ ಎರಡು ಕೆಜಿ ದಾಟುವ ಮೈ ಅದು, ಮುಂದೆ ಕಾಲಿಗೂ ಹೃದಯಕ್ಕೂ ಆ ಭಾರ ತಾಳುವುದಿಲ್ಲ.

ಇನ್ನು ಹುಂಜ. ಬರೀ ಮೊಟ್ಟೆಗಾದರೆ ಬೇಕಾಗಿಲ್ಲ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಒಂಟಿ ಕೋಳಿ ಮಾತ್ರ ತರಬೇಡಿ, ಕನಿಷ್ಠ ಮೂರು ಇರಲಿ. ದಿನದ ಮರಿಯಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಅಂತ ಹೇಳುವುದು ಹೊಸಬರಿಗೆ ಕಷ್ಟ. ಆದ್ದರಿಂದ ನಾಲ್ಕು ತಿಂಗಳು ತುಂಬಿದ ಎಳೆ ಹೇಂಟೆ ಸಿಕ್ಕರೆ ಅದನ್ನೇ ತನ್ನಿ, ಒಂದೆರಡು ತಿಂಗಳಲ್ಲಿ ಮೊಟ್ಟೆ ಶುರುವಾಗುತ್ತದೆ. ಕೊಳ್ಳುವ ಮುಂಚೆ ಒಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಎರಡು ನಿಮಿಷ ನಿಂತು ನೋಡಿ. ಒದ್ದಾಟ ನಿಲ್ಲಿಸಿ ನಿಮ್ಮ ಅಂಗಿಯ ಗುಂಡಿ ಕುಕ್ಕಲು ಶುರು ಮಾಡಿದರೆ, ಅದನ್ನೇ ಮನೆಗೆ ಕರೆದುಕೊಂಡು ಬನ್ನಿ.