ಬ್ಯಾಸಗಿ ಮೊಸರು, ಹೊಟ್ಟಿ ಆರೋಗ್ಯ

ಕಲಬುರಗಿ ಬಿಸಲಿಗೆ ಮೊಸರು ಹುಳಿ ಆಗ್ತದ ಅಂದ್ರ ಹೆಪ್ಪು ಹೆಚ್ಚಾಗಿರ್ತದ, ಇಲ್ಲಾ ಹೊತ್ತು ಮೀರಿರ್ತದ. ಅರ್ಧ ಲೀಟರ್ ಹಾಲು ಕಾಸಿ, 40–42 ಡಿಗ್ರಿಗೆ ಆರಿಸ್ರಿ. ಬೆರಳು ಅದ್ದಿದ್ರ ಬೆಚ್ಚಗಿರಬೇಕು, ಸುಡಬಾರದು. ಒಂದು ಚಮಚ ಹೆಪ್ಪು ಸಾಕು. ಮೇ ತಿಂಗಳಾಗ ನಾಲ್ಕೈದು ತಾಸಿನ್ಯಾಗ ಗಟ್ಟಿ ಆಗ್ತದ, ಆದ ಕೂಡ್ಲೇ ಫ್ರಿಜ್ಜಿನಾಗ ಇಡ್ರಿ. ರಾತ್ರಿಯಿಡೀ ಹೊರಗ ಬಿಟ್ರ ನೀರೊಡೆದು ಹುಳಿ ಬರೋದೇ. ಕುದಿ ಹಾಲಿಗೆ ಹಾಕಿದ್ರ ಹೆಪ್ಪಿನ ಬ್ಯಾಕ್ಟೀರಿಯಾನೇ ಸಾಯ್ತಾವ.

ಈ ಬ್ಯಾಕ್ಟೀರಿಯಾ ಹಾಲಿನ ಸಕ್ಕರಿ ಅಂದ್ರ ಲ್ಯಾಕ್ಟೋಸ್ ಒಂದಿಷ್ಟು ತಿಂದು ಲ್ಯಾಕ್ಟಿಕ್ ಆಮ್ಲ ಮಾಡ್ತಾವ. ಹಾಲು ಕುಡಿದ್ರ ಹೊಟ್ಟಿ ಉಬ್ಬೋ ಎಷ್ಟೋ ಮಂದಿಗೆ ಮೊಸರು ಹಿಡಸೋದು ಅದಕ್ಕ. ಗಟ್ಟಿಯಾಗಿ ಹೇಳಬಹುದಾದ ಲಾಭ ಇದು.

ಆದ್ರ ಮನಿ ಮೊಸರಿಗೆಲ್ಲ ಪ್ರೊಬಯಾಟಿಕ್ (ಆರೋಗ್ಯಕ್ಕ ಲಾಭ ಕೊಡೋ ಜೀವಂತ ಸೂಕ್ಷ್ಮಜೀವಿ) ಅನ್ನೋದು ಸರಿ ಅಲ್ಲ. ಬ್ಯಾಕ್ಟೀರಿಯಾದ ಯಾವ ತಳಿ, ಎಷ್ಟು ಪ್ರಮಾಣ ಅಂತ ಗೊತ್ತಿದ್ದು, ಅದರ ಲಾಭ ಪರೀಕ್ಷೆಯೊಳಗ ಕಂಡಿದ್ರಷ್ಟೇ ಆ ಹೆಸರು. ಮಜ್ಜಿಗಿ ಕುದಿಸಿ ಸಾರು ಮಾಡಿದ್ರ ರುಚಿ ಇರ್ತದ, ಕ್ಯಾಲ್ಸಿಯಂ ಇರ್ತದ, ಜೀವಂತ ಬ್ಯಾಕ್ಟೀರಿಯಾ ಉಳಿಯಂಗಿಲ್ಲ. ಹಂಗಾಗಿ ರೊಟ್ಟಿ ಜೋಡಿ ಹಸಿ ಮಜ್ಜಿಗಿನೇ ಛಲೋ. ಕ್ಯಾನ್ಸರ್‌ಗೆ ಕೀಮೋ ತಗೊಳ್ಳೋರು, ರೋಗನಿರೋಧಕ ಶಕ್ತಿ ತೀರ ಕಡಿಮಿ ಇರೋರು ಪ್ರೊಬಯಾಟಿಕ್ ಗುಳಿಗಿ ಮಾತ್ರ ಡಾಕ್ಟರ್‌ಗೆ ಕೇಳದೆ ತಗೋಬ್ಯಾಡ್ರಿ.